ಲಿಥಿಯಂ: ಮನಸ್ಸಿನ ಮಾತ್ರೆ, ರಕ್ತದ ರಿಪೋರ್ಟಿನಲ್ಲಿ ಅದರ ಗುರುತು

ಗ್ರೀಕ್ ಭಾಷೆಯಲ್ಲಿ ಕಲ್ಲು ಎಂಬ ಅರ್ಥ ಕೊಡುವ ಪದದಿಂದ ‘ಲಿಥಿಯಂ’ ಹೆಸರು ಬಂದಿದೆ. 1817ರಲ್ಲಿ ಸ್ವೀಡನ್ನಿನಲ್ಲಿ ಖನಿಜವೊಂದರೊಳಗೆ ಪತ್ತೆಯಾದ ಈ ಹಗುರ ಲೋಹದ ಲವಣವು ಉನ್ಮಾದವನ್ನು ಶಮನಗೊಳಿಸುತ್ತದೆಯೆಂದು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ವರದಿ ಮಾಡಿದರು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಗದಗ, ಹಾವೇರಿ ಕಡೆಯಿಂದ ಬರುವ ಕುಟುಂಬಗಳಿಗೂ ಪರಿಚಿತವಾದ ಬೈಪೋಲಾರ್ ಕಾಯಿಲೆಯಲ್ಲಿ, ನಿದ್ದೆಯ ಹಂಗಿಲ್ಲದೆ ಮಾತು, ಖರ್ಚು, ಹುರುಪು ಮಿತಿಮೀರುವ ಉನ್ಮಾದದ ಅವಧಿಯೂ ಹಾಸಿಗೆ ಬಿಟ್ಟೇಳಲಾಗದ ಖಿನ್ನತೆಯ ಅವಧಿಯೂ ಮರುಕಳಿಸುತ್ತಿರುತ್ತವೆ. ಈ ಮರುಕಳಿಕೆಯನ್ನು ತಗ್ಗಿಸುವುದರಿಂದಲೇ ಲಿಥಿಯಂ ‘ಮನಃಸ್ಥಿತಿ ಸ್ಥಿರಕಾರಿ’. ಅದನ್ನು ನಿದ್ದೆಗುಳಿಗೆ ಎನ್ನುವುದು ತಪ್ಪು.

ಇದರ ಇನ್ನೊಂದು ಪರಿಣಾಮ ಕಾಣುವುದು ರಕ್ತಪರೀಕ್ಷೆಯಲ್ಲಿ. ಲಿಥಿಯಂ ಅಸ್ಥಿಮಜ್ಜೆಯನ್ನು ಪ್ರಚೋದಿಸುವುದರಿಂದ ಬಿಳಿ ರಕ್ತಕಣಗಳು, ಅವುಗಳಲ್ಲೂ ಸೋಂಕಿನ ವಿರುದ್ಧ ಮೊದಲು ಧಾವಿಸುವ ನ್ಯೂಟ್ರೋಫಿಲ್‌ಗಳು, ಹೆಚ್ಚುತ್ತವೆ. ರಿಪೋರ್ಟ್ ನೋಡಿದ ಮನೆಯವರು ಒಳಗೆಲ್ಲೋ ಸೋಂಕಿದೆಯೆಂದು ಗಾಬರಿಯಾಗುವುದು ಸಹಜವಾದರೂ, ಈ ಏರಿಕೆ ಸಾಮಾನ್ಯವಾಗಿ ಅಪಾಯಕಾರಿಯಲ್ಲ. ಹಾಗೆಂದು, ಜ್ವರವಿದ್ದಾಗಲೂ ಎಲ್ಲವನ್ನೂ ಮಾತ್ರೆಯ ತಲೆಗೆ ಕಟ್ಟಬಾರದು. ಸ್ಕಿಜೋಫ್ರೇನಿಯಾದಂಥ ತೀವ್ರ ಮನೋರೋಗಕ್ಕೆ ಕೊಡುವ ಕ್ಲೋಜಪಿನ್ ಔಷಧದಿಂದ ಈ ಕಣಗಳು ಕುಸಿದಾಗ ವೈದ್ಯರು ಕೆಲವೊಮ್ಮೆ ಇದೇ ಗುಣವನ್ನು ಬಳಸಿಕೊಳ್ಳುವುದುಂಟು.

ಇಷ್ಟರಿಂದ ಲಿಥಿಯಂ ‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಔಷಧವಾಗುವುದಿಲ್ಲ. ಈಚೆಗೆ ಕಷಾಯದಿಂದ ಹಿಡಿದು ಎಲ್ಲಕ್ಕೂ ಅಂಟಿಸುವ ಆ ಮಾತು ಇಲ್ಲಿ ದಾರಿ ತಪ್ಪಿಸುತ್ತದೆ. ಕಣಗಳ ಎಣಿಕೆ ಏರಿಸುವ ಇದೇ ಔಷಧ ಸೋರಿಯಾಸಿಸ್ ಎಂಬ ಚರ್ಮರೋಗವನ್ನು ಕೆಣಕಬಲ್ಲದು, ಥೈರಾಯ್ಡ್ ಗ್ರಂಥಿಯನ್ನು ಮಂದಗೊಳಿಸಬಲ್ಲದು. ಉನ್ಮಾದದ ಅವಧಿಯಲ್ಲಿ ಅನೇಕರ ರಕ್ತದಲ್ಲಿ ಉರಿಯೂತದ ಸೂಚಕಗಳು ಏರಿರುತ್ತವೆ. ಉರಿಯೂತದಲ್ಲೂ ಪಾತ್ರವಿರುವ ಜಿಎಸ್‌ಕೆ-3 ಎಂಬ ಕಿಣ್ವವನ್ನು ಲಿಥಿಯಂ ತಡೆಯುತ್ತದೆ. ಮನಸ್ಸು ತಹಬಂದಿಗೆ ಬರುವುದು ಈ ದಾರಿಯಿಂದಲೇ ಎಂಬುದು ಮಾತ್ರ ಸಾಬೀತಾಗಿಲ್ಲ.

ಗುಣಕ್ಕೂ ವಿಷಕ್ಕೂ ನಡುವಿನ ಅಂತರ ಇಲ್ಲಿ ತೀರಾ ಕಿರಿದು. ಸಾಮಾನ್ಯವಾಗಿ ಲೀಟರ್ ರಕ್ತದ್ರವಕ್ಕೆ 0.6ರಿಂದ 1.0 ಮಿಲಿಮೋಲ್ ಮಟ್ಟವನ್ನು ಗುರಿಯಾಗಿಟ್ಟುಕೊಂಡು, ಕೊನೆಯ ಮಾತ್ರೆಯ 12 ಗಂಟೆಗಳ ಬಳಿಕ ರಕ್ತ ತೆಗೆದು ಪರೀಕ್ಷಿಸುತ್ತಾರೆ. ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆಗಳೂ ಕಾಲಕಾಲಕ್ಕೆ ನಡೆಯಬೇಕು. ಏಪ್ರಿಲ್ ಬಿಸಿಲಲ್ಲಿ ಹೊಲದಲ್ಲಿ ದುಡಿದು ಬೆವರಿನೊಂದಿಗೆ ನೀರು, ಉಪ್ಪು ಕಳೆದುಕೊಂಡವರಲ್ಲೂ, ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ತಂದು ನುಂಗಿದವರಲ್ಲೂ ಈ ಮಟ್ಟ ಏರಬಹುದು. ಕೈ ಜೋರಾಗಿ ನಡುಗುವುದು, ವಾಂತಿಭೇದಿ, ತೂರಾಡುವ ನಡಿಗೆ, ತೊದಲು ಮಾತು ಕಂಡರೆ ಮುಂದಿನ ಮಾತ್ರೆ ಕೊಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.