ಹೊರಗೆ ಬರೀ ಚಾಕೊಲೇಟ್, ಒಳಗೆ ಚೌಕಳಿ

ಕತ್ತರಿಸಿದರೆ ಒಳಗೆ ಕಪ್ಪು ಬಿಳಿ ಚೌಕಗಳು ಕಾಣುವ ಚೌಕಳಿ ಕೇಕ್ ಮೊದಲ ಸಲ ಮಾಡಿದಾಗ ನನಗೆ ಒಂದು ಬಳೆ ಕಡಿಮೆ ಬಿತ್ತು. ಬಳೆ ಅಂದರೆ ಕೈಗೆ ತೊಡುವುದಲ್ಲ, ಕೇಕನ್ನು ಒಂದರೊಳಗೊಂದು ಸುತ್ತಾಗಿ ಕತ್ತರಿಸಿದಾಗ ಸಿಗುವ ತುಂಡು. ಮೂರು ಪದರ ಸಾಕು ಅಂದುಕೊಂಡು ಎರಡು ಚಾಕೊಲೇಟ್, ಒಂದು ವೆನಿಲಾ ಬೇಕ್ ಮಾಡಿದ್ದೆ. ಒಂದೊಂದನ್ನೂ ಸುತ್ತಾಗಿ ಮೂರು ತುಂಡು ಮಾಡಿ ಜೋಡಿಸಲು ಕೂತಾಗ ನೋಡುತ್ತೇನೆ, ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಸೇರಿ ನಡುವಿನ ಬಿಳಿ ಬಳೆ ಎರಡು ಬೇಕು, ಇರುವುದು ಒಂದೇ! ಕಪ್ಪು ಬಳೆ ಒಂದು ಸುಮ್ನೆ ಪಕ್ಕದಲ್ಲಿ ಕೂತಿದೆ. ಮತ್ತೆ ಓವನ್ ಹಚ್ಚಬೇಕಾಯಿತು.

ಅವತ್ತಿನಿಂದ ಕಪ್ಪು ಎರಡು, ಬಿಳಿ ಎರಡು, ಒಟ್ಟು ನಾಲ್ಕು ಪದರ. ಆಗ ಒಂದು ಬಳೆಯೂ ಮಿಗುವುದಿಲ್ಲ, ಒಂದೂ ಸಾಲದೆ ಬರುವುದಿಲ್ಲ.

ಇಂಥ ಕೇಕಿಗೆ ಮೊದಲು ಹಿಡಿಯಬೇಕಾದ್ದು ಪೆನ್ಸಿಲ್. ದುಂಡು ಕೇಕನ್ನು ನಾವು ಅಂಚಿನಿಂದ ನಡುವಿನವರೆಗೆ ಕತ್ತರಿಸುತ್ತೇವೆ ಅಲ್ವಾ? ಹಾಗಾಗಿ ತಟ್ಟೆಗೆ ಬಂದ ತುಂಡಿನಲ್ಲಿ ಕಾಣುವುದು ಒಳಗಿನ ಚಿತ್ರದ ಅರ್ಧ ಮಾತ್ರ. ಚಾಕು ಎಲ್ಲಿ ಇಳಿಯುತ್ತದೆ ಅನ್ನುವುದನ್ನು ಮೊದಲೇ ಯೋಚಿಸಿ, ಆ ಅರ್ಧವನ್ನಷ್ಟೇ ಕಾಗದದ ಮೇಲೆ ಬರೆದುಕೊಳ್ಳಿ.

ಅಳತೆ ಹೇಳುತ್ತೇನೆ. 20 ಸೆಂ.ಮೀ. ಅಗಲದ ಟಿನ್. ಕತ್ತರಿಸಲು 15, 10 ಮತ್ತು 5 ಸೆಂ.ಮೀ. ಅಗಲದ ವೃತ್ತಗಳು. ಹೀಗೆ ಮಾಡಿದರೆ ಪ್ರತಿ ಬಳೆಯೂ 2.5 ಸೆಂ.ಮೀ. ಅಗಲ ಬರುತ್ತದೆ, ನಡುವೆ ಒಂದು ಪುಟ್ಟ ಬಿಲ್ಲೆ ಉಳಿಯುತ್ತದೆ. ಪದರದ ಎತ್ತರವೂ 2.5 ಸೆಂ.ಮೀ. ಆಸುಪಾಸು ಇದ್ದರೆ ಚೌಕ ಚೌಕವಾಗಿಯೇ ಕಾಣುತ್ತದೆ, ತುಂಡಿನಲ್ಲಿ ಅಡ್ಡ ನಾಲ್ಕು, ಉದ್ದ ನಾಲ್ಕು. ಪದರ ಇದಕ್ಕಿಂತ ತೆಳುವಾದರೆ ಇಟ್ಟಿಗೆ ಗೋಡೆಯ ಥರ ಆಗುತ್ತದೆ. ಅದೂ ಚೆನ್ನಾಗಿಯೇ ಇರುತ್ತದೆ ಅನ್ನಿ.

ಎಲ್ಲರೂ ಎಡವುವುದು ಕೇಕಿನ ಮೆದುವಿನಲ್ಲಿ. ಹತ್ತಿಯಂಥ ಸ್ಪಾಂಜ್ ಕೇಕ್ ತಿನ್ನಲು ಚೆಂದ, ಆದರೆ ಅದರಿಂದ ಬಳೆ ಎತ್ತಲು ಹೋದರೆ ಕೈಯಲ್ಲೇ ಮುರಿಯುತ್ತದೆ. ನಾನು ಬೆಣ್ಣೆ, ಸಕ್ಕರೆ, ಮೊಟ್ಟೆ, ಮೈದಾ ನಾಲ್ಕನ್ನೂ ಸಮತೂಕದಲ್ಲಿ ಹಾಕುವ ಹಳೇ ಲೆಕ್ಕವನ್ನೇ ಹಿಡಿಯುತ್ತೇನೆ. ನಾಲ್ಕು ಪದರಕ್ಕೆ ಒಂದೊಂದೂ 400 ಗ್ರಾಂ, ಮೊಟ್ಟೆ ಅಂದರೆ ಸುಮಾರು ಎಂಟು. ಬೆಣ್ಣೆ, ಸಕ್ಕರೆ ಚೆನ್ನಾಗಿ ನೊರೆಯಾಗುವಂತೆ ಕಡೆದು, ಮೊಟ್ಟೆ ಒಂದೊಂದಾಗಿ ಸೇರಿಸಿ. ಮೈದಾ ಹಾಕುವ ಮುಂಚೆಯೇ ಇದನ್ನು ತೂಕ ಮಾಡಿ ಎರಡು ಪಾಲು ಮಾಡಿ. ಒಂದು ಪಾಲಿಗೆ 200 ಗ್ರಾಂ ಮೈದಾ. ಇನ್ನೊಂದಕ್ಕೆ 160 ಗ್ರಾಂ ಮೈದಾ, 40 ಗ್ರಾಂ ಕೋಕೋ ಪುಡಿ. ಒಂದೊಂದು ಪಾಲಿಗೂ ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್.

ಕೋಕೋವನ್ನು ಒಣಗಿದ್ದಂತೆ ಸುರಿಯಬೇಡಿ. ಅದು ಮೈದಾಕ್ಕಿಂತ ಜಾಸ್ತಿ ನೀರು ಕುಡಿಯುತ್ತದೆ, ಆಮೇಲೆ ಕಪ್ಪು ಪದರ ಒಣಕಲಾಗಿ, ಬಿಳಿ ಪದರ ಮೆತ್ತಗಾಗಿ, ಒಂದೇ ತುತ್ತಿನಲ್ಲಿ ಎರಡು ಬೇರೆ ಬೇರೆ ಕೇಕ್ ತಿಂದ ಹಾಗೆ ಆಗುತ್ತದೆ. 60ರಿಂದ 80 ಮಿ.ಲೀ. ಬಿಸಿ ಹಾಲಿನಲ್ಲಿ ಕಲಸಿ, ಆರಿಸಿ, ಆಮೇಲೆ ಬೆರೆಸಿ. ಬಿಸಿ ತಾಗಿದರೆ ಕೋಕೋ ಘಮವೂ ಬಿಚ್ಚಿಕೊಳ್ಳುತ್ತದೆ. ಬಿಳಿ ಹಿಟ್ಟಿಗೆ ಎರಡು ಮೂರು ಚಮಚ ಹಾಲು ಸಾಕು. 170 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 25 ನಿಮಿಷ. ನಾಲ್ಕೂ ಟಿನ್‌ಗೆ ಹಿಟ್ಟನ್ನು ಕಣ್ಣಂದಾಜಿನಲ್ಲಿ ಸುರಿಯದೆ ತೂಗಿ ಹಾಕಿ.

ಕೇಕ್ ಆರಿದ ಮೇಲೆ ಸುತ್ತಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಇದೊಂದನ್ನು ಬಿಡಬೇಡಿ. ತಣ್ಣಗಾದ ಬೆಣ್ಣೆ ಗಟ್ಟಿಯಾಗಿ ಕೇಕನ್ನು ಹಿಡಿದುಕೊಳ್ಳುತ್ತದೆ, ಪುಡಿ ಉದುರುವುದಿಲ್ಲ. ಮಾರನೇ ದಿನ ಉಬ್ಬಿದ ತಲೆ ಕತ್ತರಿಸಿ, ಎಲ್ಲವನ್ನೂ ನಾಲ್ಕರಲ್ಲಿ ಕುಳ್ಳಗಿರುವುದರ ಎತ್ತರಕ್ಕೆ ತನ್ನಿ. ಉಂಗುರದ ಕಟರ್ ಇಲ್ಲದಿದ್ದರೆ ಕಾಗದದ ವೃತ್ತ ಇಟ್ಟು ಸಣ್ಣ ಚೂಪು ಚಾಕು ಆಡಿಸಿ. ಚಾಕು ನೆಟ್ಟಗೆ ನಿಂತಿರಬೇಕು. ಸ್ವಲ್ಪ ವಾಲಿದರೂ ಬಳೆಗಳು ಒಂದಕ್ಕೊಂದು ಕೂರುವುದಿಲ್ಲ.

ಈಗ ಅದಲು ಬದಲು. ಹೊರಗಿನ ಬಳೆ ಕಪ್ಪು, ಅದರೊಳಗೆ ಬಿಳಿ, ಮತ್ತೆ ಕಪ್ಪು, ನಡುವಿನ ಬಿಲ್ಲೆ ಬಿಳಿ. ಮುಂದಿನ ಪದರ ಇದರ ಉಲ್ಟಾ. ಬಳೆಗಳ ನಡುವೆ ಅಂಟಿಗೆ ತೆಳ್ಳಗೆ ಜಾಮ್ ಅಥವಾ ಬೆಣ್ಣೆ ಕ್ರೀಮ್ ಸವರಿ. ಚಾಕೊಲೇಟ್ ಗನಾಶ್ (ಬಿಸಿ ಕ್ರೀಮಿನಲ್ಲಿ ಚಾಕೊಲೇಟ್ ಕರಗಿಸಿದ ಲೇಪ) ಬೇಡ, ಬಿಳಿ ಚೌಕದ ಸುತ್ತ ಕಾಡಿಗೆ ಗೆರೆ ಎಳೆದ ಹಾಗೆ ಕಾಣುತ್ತದೆ. ಗನಾಶ್ ಹೊರಮೈಗೆ ಇಟ್ಟುಕೊಳ್ಳಿ. ಅಲ್ಲಿ ಎಷ್ಟು ಕಪ್ಪಗಿದ್ದರೆ ಅಷ್ಟು ಒಳ್ಳೆಯದು, ಒಳಗಿನ ಗುಟ್ಟು ಯಾರಿಗೂ ಗೊತ್ತಾಗಬಾರದಲ್ಲ.

ಒಳಗೆ ಚೌಕಳಿಯ ಬದಲು ಹೃದಯದ ಚಿತ್ರ ಬೇಕು ಅನ್ನುವವರು ಜಾಸ್ತಿ. ಅದಕ್ಕೆ ಎರಡು ದಪ್ಪ ಪದರ ಸಾಕು. ಕೆಳಗಿನದರಲ್ಲಿ ಬುಗುರಿಯ ತಳದಂಥ ಗುಂಡಿ ತೋಡಿ. ಮೇಲಿನದರ ಅಡಿಮೈಯಲ್ಲಿ ಕಾಲುವೆಯಂತೆ ಸುತ್ತಲೂ ತೋಡಿ, ನಡುವೆ ಒಂದು ಪುಟ್ಟ ಮೊನೆ ಬಿಡಿ. ಕೆಂಪು ಕೇಕನ್ನು ಪುಡಿ ಮಾಡಿ, ಉಂಡೆ ಕಟ್ಟಲು ಬರುವಷ್ಟು ಮಾತ್ರ ಕ್ರೀಮ್ ಬೆರೆಸಿ ಎರಡರಲ್ಲೂ ಒತ್ತಿ ತುಂಬಿ. ಗಟ್ಟಿಯಾದ ಮೇಲೆ ಒಂದರ ಮೇಲೊಂದು ಕವುಚಿ. ಒಂದೊಂದು ತುಂಡಿನಲ್ಲಿ ಅರ್ಧ ಹೃದಯವೇ ಬರುತ್ತದೆ, ಆದ್ದರಿಂದ ಮೊದಲು ಕೇಕನ್ನು ನಡುಮಧ್ಯೆ ಎರಡು ಹೋಳು ಮಾಡಿ ಎಲ್ಲರಿಗೂ ತೋರಿಸಿ. ಇದನ್ನು ಹೇಳದೆ ಕೊಟ್ಟು ಒಮ್ಮೆ ಬೈಸಿಕೊಂಡಿದ್ದೇನೆ, “ಇದೇನು, ಬಾಳೆಹಣ್ಣಾ?” ಅಂತ.

ಕತ್ತರಿಸುವಾಗ ಕೇಕ್ ತಣ್ಣಗಿರಲಿ, ಚಾಕು ಬಿಸಿ ಇರಲಿ. ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಒಂದು ಸಲ ಇಳಿಸಿ, ಮತ್ತೆ ಒರೆಸಿ. ಒರೆಸದಿದ್ದರೆ ಗನಾಶ್ ಬಿಳಿ ಚೌಕಕ್ಕೆಲ್ಲ ಮೆತ್ತಿಕೊಳ್ಳುತ್ತದೆ. ತಣ್ಣಗಿನ ಬೆಣ್ಣೆ ಕೇಕ್ ಬಾಯಿಗೆ ಗಟ್ಟಿ, ಹಾಗಾಗಿ ತಟ್ಟೆಗೆ ಹಾಕಿ ಅರ್ಧ ಗಂಟೆ ಬಿಟ್ಟು ತಿನ್ನಬೇಕು. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ, ಅದು ಬೇರೆ ಮಾತು.