ಮಾಲಿನ್ಯ ಲೆಕ್ಕಕ್ಕೆ ಬಂದ ಬಗೆ

ಒಂದು ಪ್ರದೇಶದ ಕಾರ್ಖಾನೆಗಳು ಪರಿಸರದ ದೃಷ್ಟಿಯಿಂದ ಎಷ್ಟು ದಕ್ಷವಾಗಿವೆ ಎಂಬುದನ್ನು ಸೊನ್ನೆಯಿಂದ ಒಂದರವರೆಗಿನ ಒಂದೇ ಅಂಕಿಯಲ್ಲಿ ಹೇಳುವ ರೂಢಿ ಈಗ ಬೆಳೆದಿದೆ. ಆ ಅಂಕಿಯನ್ನು ನಂಬುವ ಮುನ್ನ ಹೊಗೆ, ಕೊಳಚೆನೀರು, ತ್ಯಾಜ್ಯಗಳನ್ನು ಅದರಲ್ಲಿ ಹೇಗೆ ಸೇರಿಸಿದ್ದಾರೆಂದು ಕೇಳಲೇಬೇಕು. ಈ ಅಳತೆ ಹುಟ್ಟಿದಾಗ ಅದರಲ್ಲಿ ಮಾಲಿನ್ಯಕ್ಕೆ ಜಾಗವೇ ಇರಲಿಲ್ಲ.

ಅತ್ಯುತ್ತಮವಾಗಿ ನಡೆಯುವ ಘಟಕಗಳನ್ನು ಸೇರಿಸಿ ಒಂದು ಗಡಿರೇಖೆ ಎಳೆದು, ಉಳಿದವು ಅದರಿಂದ ಎಷ್ಟು ಹಿಂದಿವೆ ಎಂದು ನೋಡುವ ವಿಧಾನವನ್ನು 1957ರಲ್ಲಿ ಅರ್ಥಶಾಸ್ತ್ರಜ್ಞ ಮೈಕೆಲ್ ಫ್ಯಾರೆಲ್ ಮುಂದಿಟ್ಟರು. 1978ರಲ್ಲಿ ಚಾರ್ನ್ಸ್, ಕೂಪರ್ ಮತ್ತು ರೋಡ್ಸ್ ಎಂಬ ಸಂಶೋಧಕರು ಅದನ್ನು ಗಣಿತದ ಚೌಕಟ್ಟಿಗೆ ತಂದರು. ಈ ವಿಧಾನಕ್ಕೆ ಡೇಟಾ ಎನ್‌ವಲಪ್‌ಮೆಂಟ್ ಅನಾಲಿಸಿಸ್ (ದತ್ತಾಂಶವನ್ನು ಗಡಿರೇಖೆಯಿಂದ ಸುತ್ತುವರಿಯುವ ವಿಶ್ಲೇಷಣೆ) ಎಂಬ ಹೆಸರು ಬಂದದ್ದು ಆಗಲೇ. ಇವೆರಡರಲ್ಲೂ ಕಡಿಮೆ ಸಂಪನ್ಮೂಲದಿಂದ ಹೆಚ್ಚು ಉತ್ಪಾದಿಸಿದ್ದೇ ಜಾಣತನವಾಗಿತ್ತು. ನದಿಗೆ ಏನು ಹರಿಯಿತು ಎಂಬ ಪ್ರಶ್ನೆ ಏಳಲಿಲ್ಲ. ಅದಕ್ಕಿಂತ ಅನ್ಯಾಯದ ಸಂಗತಿಯೆಂದರೆ, ಶುದ್ಧೀಕರಣಕ್ಕೆ ಹಣ ಹಾಕಿದ ಕಾರ್ಖಾನೆಯ ಖರ್ಚು ಮಾತ್ರ ಎಣಿಕೆಗೆ ಸಿಕ್ಕು, ಅದೇ ಅದಕ್ಷವೆನಿಸಿಕೊಳ್ಳುತ್ತಿತ್ತು.

1983ರಲ್ಲಿ ಅರ್ಥಶಾಸ್ತ್ರಜ್ಞ ಪಿಟ್‌ಮನ್ ಅವರು ಅಮೆರಿಕದ ಮಿಚಿಗನ್ ಮತ್ತು ವಿಸ್ಕಾನ್ಸಿನ್‌ನ ಕಾಗದದ ಕಾರ್ಖಾನೆಗಳನ್ನು ಹೋಲಿಸುವಾಗ ಮಾಲಿನ್ಯವನ್ನು ಅನಪೇಕ್ಷಿತ ಉತ್ಪನ್ನವೆಂದು ಎಣಿಸಿದರು. ಆದರೆ ಮಾರುಕಟ್ಟೆಯಲ್ಲಿ ಮಾಲಿನ್ಯಕ್ಕೆ ಬೆಲೆಯಿಲ್ಲದ ಕಾರಣ ಅವರು ಅಂದಾಜು ಬೆಲೆಯ ಮೊರೆ ಹೋಗಬೇಕಾಯಿತು. ಬೆಲೆಯ ಹಂಗಿಲ್ಲದೆ ಅದನ್ನೇ ಸಾಧಿಸುವ ದಾರಿಯನ್ನು 1989ರಲ್ಲಿ ಫಾರೆ ಮತ್ತು ಸಂಗಡಿಗರು ತೋರಿಸಿದರು. ಮಾಲಿನ್ಯವನ್ನು ಪುಕ್ಕಟೆಯಾಗಿ ಇಳಿಸಲಾಗದು, ಇಳಿಸಿದರೆ ಉತ್ಪಾದನೆಯೂ ಒಂದಿಷ್ಟು ಇಳಿಯಬೇಕು ಎಂಬುದು ಅವರ ಆಧಾರ. ಉತ್ಪಾದನೆ ಹೆಚ್ಚುತ್ತಲೇ ಮಾಲಿನ್ಯ ತಗ್ಗಬಲ್ಲ ದಿಕ್ಕಿನಲ್ಲಿ ಅಳೆಯುವ ವಿಧಾನ 1997ರಲ್ಲಿ ಸ್ವೀಡನ್ನಿನ ಕಾಗದ ಉದ್ಯಮದ ಅಧ್ಯಯನದೊಂದಿಗೆ ಬಂತು.

ಮಾಲಿನ್ಯವನ್ನು, ಕಡಿಮೆಯಾದಷ್ಟೂ ಒಳ್ಳೆಯದೆಂಬ ಅರ್ಥದಲ್ಲಿ, ಸಂಪನ್ಮೂಲದಂತೆ ಎಣಿಸಿದರೆ ಸಾಕೆನ್ನುವವರೂ ಇದ್ದಾರೆ. ಲೆಕ್ಕ ಸರಳವಾಗುತ್ತದೆ, ನಿಜ. ಆದರೆ ಒಲೆಗೆ ಹಾಕಿದ ಕಲ್ಲಿದ್ದಲಿನ ಇಂಗಾಲ ಎಲ್ಲಿಯಾದರೂ ಹೊರಬರಲೇಬೇಕೆಂಬ ಭೌತನಿಯಮ ಅದರಲ್ಲಿ ಮರೆಯಾಗುತ್ತದೆ. ವಸ್ತು ತಯಾರಾಗುವ ಪ್ರಕ್ರಿಯೆ ಮತ್ತು ಹೊಗೆ ಹುಟ್ಟುವ ಪ್ರಕ್ರಿಯೆಗಳನ್ನು ಬೇರೆಬೇರೆಯಾಗಿ ವಿವರಿಸಬೇಕೆಂದು 2012ರಲ್ಲಿ ಮೂರ್ತಿ, ರಸೆಲ್ ಮತ್ತು ಲೆವ್ಕಾಫ್ ವಾದಿಸಿದ್ದು ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಒಂದೊಂದು ಕಾರ್ಖಾನೆಯನ್ನು ಬಿಟ್ಟು ಇಡೀ ಪ್ರದೇಶವನ್ನು ಅಳೆಯಹೊರಟಾಗ ತೊಡಕು ಹೆಚ್ಚುತ್ತದೆ. ಸಿಮೆಂಟ್ ಮತ್ತು ಉಕ್ಕು ತಯಾರಿಸುವ ಪ್ರದೇಶವನ್ನು ಸಿದ್ಧ ಉಡುಪು ಹೊಲಿಯುವ ಪ್ರದೇಶದೊಂದಿಗೆ ಒಂದೇ ಗಡಿರೇಖೆಯಲ್ಲಿ ನಿಲ್ಲಿಸಿದರೆ, ನಿರ್ವಹಣೆಯ ಲೋಪವಾವುದು, ಉದ್ಯಮದ ಸ್ವಭಾವವಾವುದು ಎಂದು ತಿಳಿಯುವುದಿಲ್ಲ. ಗುಂಪಿಗೊಂದು ಗಡಿರೇಖೆ ಎಳೆದು, ಅವೆಲ್ಲವನ್ನೂ ಒಳಗೊಳ್ಳುವ ದೊಡ್ಡ ರೇಖೆಯೊಂದಿಗೆ ಹೋಲಿಸುವ ಪದ್ಧತಿ ಈ ತೊಡಕನ್ನು ಭಾಗಶಃ ಬಿಡಿಸುತ್ತದೆ. ಆಗಲೂ ಪೂರ್ಣ ಅಂಕ ಪಡೆದ ಪ್ರದೇಶ ಆ ಗುಂಪಿನಲ್ಲಿ ಮುಂದಿದೆ ಎಂದಷ್ಟೇ ಅರ್ಥ. ಅಲ್ಲಿನ ಗಾಳಿ ಉಸಿರಾಡಲು ಯೋಗ್ಯವೇ ಎಂಬುದಕ್ಕೆ ಅದು ಉತ್ತರಿಸುವುದಿಲ್ಲ. ಕಾರ್ಖಾನೆಗಳಿಗೆ ಬೇಕಾದ ವಿದ್ಯುತ್ತನ್ನು ಹೊರಗಿನಿಂದ ತರಿಸಿಕೊಳ್ಳುವ ಪ್ರದೇಶವಂತೂ, ಆ ವಿದ್ಯುತ್ ಸ್ಥಾವರದ ಹೊಗೆಯನ್ನು ತನ್ನ ಲೆಕ್ಕಕ್ಕೆ ಹಚ್ಚದಿದ್ದರೆ, ಏನನ್ನೂ ಸುಧಾರಿಸದೆಯೇ ಪಟ್ಟಿಯಲ್ಲಿ ಮೇಲೇರುತ್ತದೆ.