ಜಡರ್: ಕ್ಲಚ್ ಪೆಡಲ್ ಇಲ್ಲದ ಕಾರಿನಲ್ಲಿ ಕ್ಲಚ್ಚಿನ ತಕರಾರು

ಸಿಗ್ನಲ್ ಬಿಟ್ಟಿದೆ, ಬ್ರೇಕ್ ಮೇಲಿದ್ದ ಕಾಲು ತೆಗೆದಿದ್ದೀರಿ. ನಯವಾಗಿ ಮುಂದೆ ಸರಿಯಬೇಕಾದ ಕಾರು ಗಡಗಡ ಅದುರುತ್ತದೆ. ಸ್ಟೇರಿಂಗು, ಸೀಟು, ಕಪ್ ಹೋಲ್ಡರಿನಲ್ಲಿಟ್ಟ ನೀರಿನ ಬಾಟಲಿ ಎಲ್ಲವೂ ಒಂದೆರಡು ಸೆಕೆಂಡು ನಡುಗಿ, ವೇಗ ಸ್ವಲ್ಪ ಏರಿದ ಕೂಡಲೇ ಏನೂ ಆಗಿಲ್ಲವೆಂಬಂತೆ ಸುಮ್ಮನಾಗುತ್ತವೆ. ಈ ನಡುಕವೇ ಜಡರ್. ಕೆಲವರು ಷಡರ್ ಅಂತಲೂ ಅನ್ನುತ್ತಾರೆ. ಸರ್ವಿಸ್ ಸೆಂಟರಿಗೆ ಹೋದಾಗ ನಮ್ಮಲ್ಲಿ ಎಲ್ಲದಕ್ಕೂ 'ಜರ್ಕ್ ಹೊಡೆಯುತ್ತೆ' ಎಂದು ಹೇಳಿಬಿಡುವುದು ರೂಢಿ. ಆದರೆ ಜರ್ಕ್ ಎಂದರೆ ಒಂದೇ ಏಟು, ಗೇರ್ ಬದಲಾಗುವಾಗ ಬೀಳುವ ಒಂದು ಕುಲುಕು. ಜಡರ್ ಸಾಲಾಗಿ ಬೀಳುವ ಸಣ್ಣ ಏಟುಗಳ ಸರಣಿ. ಎರಡರ ಕಾರಣವೂ ಬೇರೆ, ರಿಪೇರಿಯೂ ಬೇರೆ. ಜಾಬ್ ಕಾರ್ಡಿನಲ್ಲಿ ಯಾವುದನ್ನು ಬರೆಸುತ್ತೀರಿ ಎಂಬುದರ ಮೇಲೆ ಮುಂದಿನ ಎಷ್ಟೋ ಸಂಗತಿ ನಿಂತಿರುತ್ತದೆ.

ಕಾರಣ ತಿಳಿಯಬೇಕಾದರೆ ಮೊದಲು ಆಮೆವೇಗದ ಲೆಕ್ಕ ನೋಡಬೇಕು. ಪೆಟ್ರೋಲ್ ಎಂಜಿನ್ ಸುಮ್ಮನೆ ನಿಂತಾಗ ನಿಮಿಷಕ್ಕೆ ಏಳೆಂಟು ನೂರು ಸುತ್ತು ತಿರುಗುತ್ತಿರುತ್ತದೆ. ಅದಕ್ಕಿಂತ ತೀರಾ ಕೆಳಗಿಳಿದರೆ ಆಫ್ ಆಗುತ್ತದೆ. ಈ ಸುತ್ತಿನಲ್ಲೇ ಒಂದನೇ ಗೇರಿಗೆ ಎಂಜಿನ್ನನ್ನು ಬಿಗಿಯಾಗಿ ಕೂಡಿಸಿದರೆ ಸಾಮಾನ್ಯ ಕಾರು ಗಂಟೆಗೆ ಐದಾರು ಕಿಲೋಮೀಟರು ಓಡಲೇಬೇಕು. ಹಾಗಿರುವಾಗ ಟ್ರಾಫಿಕ್ಕಿನಲ್ಲಿ ಒಂದು, ಎರಡು ಕಿಲೋಮೀಟರ್ ವೇಗದಲ್ಲಿ ತೆವಳುವುದು ಹೇಗೆ? ಎಂಜಿನ್ನಿಗೂ ಚಕ್ರಕ್ಕೂ ನಡುವೆ ಏನಾದರೊಂದು ಜಾರಲೇಬೇಕು. ಮ್ಯಾನ್ಯುಯಲ್ ಕಾರಿನಲ್ಲಿ ಈ ಜಾರಿಸುವ ಕೆಲಸ ನಮ್ಮ ಎಡಗಾಲಿನದು. ಅದನ್ನೇ ನಾವು ಹಾಫ್ ಕ್ಲಚ್ ಅನ್ನುವುದು. ಆಟೋಮ್ಯಾಟಿಕ್ಕಿನಲ್ಲಿ ಎಡಗಾಲಿಗೆ ರಜೆ ಸಿಕ್ಕರೂ ಜಾರುವಿಕೆಗೆ ಸಿಗುವುದಿಲ್ಲ.

ಷೋರೂಮಿನಲ್ಲಿ 'ಆಟೋಮ್ಯಾಟಿಕ್' ಎಂಬ ಒಂದೇ ಮಾತಿನಲ್ಲಿ ಮಾರುವ ಗೇರ್‌ಬಾಕ್ಸುಗಳು ಇಲ್ಲಿಯೇ ಬೇರೆಬೇರೆ ದಾರಿ ಹಿಡಿಯುತ್ತವೆ. ಹಳೆಯ ಕಾಲದಿಂದ ಬಂದ ಟಾರ್ಕ್ ಕನ್ವರ್ಟರ್ ಜಾತಿಯಲ್ಲಿ ನಡುವೆ ಇರುವುದು ಎಣ್ಣೆ. ಒಂದು ಚಕ್ರ ಎಣ್ಣೆಯನ್ನು ತಳ್ಳುತ್ತದೆ, ಆ ಎಣ್ಣೆ ಎದುರಿನ ಇನ್ನೊಂದು ಚಕ್ರವನ್ನು ತಿರುಗಿಸುತ್ತದೆ. ತೆವಳುವಾಗ ಜಾರುವುದು ಎಣ್ಣೆಯೇ ಆದ್ದರಿಂದ ಸವೆಯಲು ಏನೂ ಇಲ್ಲ, ಬಿಸಿಯೇರಿದರೆ ಕೂಲರ್ ಇದೆ. ಎಎಂಟಿಯಲ್ಲಿ ಇರುವುದು ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸು, ಕ್ಲಚ್ ಒತ್ತುವ ಕೆಲಸ ಒಂದು ಸಣ್ಣ ಯಂತ್ರದ್ದು. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮ ದೇಶಕ್ಕೆ ಬಂದು, ಸಣ್ಣ ಕಾರಿನವರಿಗೂ ಆಟೋಮ್ಯಾಟಿಕ್ ಕೈಗೆಟುಕುವಂತೆ ಮಾಡಿದ್ದು ಇದೇ. ಇದರಲ್ಲಿ ಗೇರ್ ಬದಲಾಗುವಾಗ ತಲೆ ಒಮ್ಮೆ ಮುಂದೆ ಬಾಗುವುದು ದೋಷವಲ್ಲ. ಕ್ಲಚ್ ಒಂದೇ ಇರುವುದರಿಂದ ಆ ಅರೆಕ್ಷಣ ಎಳೆತ ಕಡಿದು ಹೋಗುತ್ತದೆ. ಕೊಟ್ಟ ದುಡ್ಡಿಗೆ ಅಷ್ಟು ಸಹಿಸಬಹುದು ಎಂಬುದು ನನ್ನ ಅಭಿಪ್ರಾಯ. ಸಿವಿಟಿಯಲ್ಲಿ ಬೆಲ್ಟು ಮತ್ತು ಪುಲ್ಲಿಗಳ ಆಟ. ಅದರ ತೊಂದರೆಗಳೇ ಬೇರೆ, ಇಲ್ಲಿಗೆ ಬೇಡ.

ಜಡರಿನ ತವರುಮನೆ ನಾಲ್ಕನೆಯದು, ಡಿಸಿಟಿ ಅಂದರೆ ಡ್ಯುಯಲ್ ಕ್ಲಚ್. ಒಂದು, ಮೂರು, ಐದನೇ ಗೇರುಗಳಿಗೆ ಒಂದು ಕ್ಲಚ್ಚು, ಎರಡು, ನಾಲ್ಕು, ಆರಕ್ಕೆ ಇನ್ನೊಂದು. ಮೂರರಲ್ಲಿ ಓಡುವಾಗಲೇ ನಾಲ್ಕು ಸಿದ್ಧವಾಗಿ ಕೂತಿರುತ್ತದೆ. ಒಂದು ಕ್ಲಚ್ ಬಿಡುವ ಹೊತ್ತಿಗೆ ಇನ್ನೊಂದು ಹಿಡಿದಿರುತ್ತದೆ, ಎಳೆತ ಕಡಿಯುವುದಿಲ್ಲ. 1930ರ ದಶಕದಲ್ಲೇ ಫ್ರಾನ್ಸಿನ ಎಂಜಿನಿಯರ್ ಅಡಾಲ್ಫ್ ಕೆಗ್ರೆಸ್ ಇದನ್ನು ಯೋಚಿಸಿದ್ದ. 1980ರ ದಶಕದಲ್ಲಿ ಪೋರ್ಷೆ ತನ್ನ ರೇಸ್ ಕಾರುಗಳಲ್ಲಿ ಓಡಿಸಿತು. ಸಾಮಾನ್ಯ ಗಿರಾಕಿಗೆ ಸಿಕ್ಕಿದ್ದು 2003ರಲ್ಲಿ, ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಕಾರಿನಲ್ಲಿ. ಖಾಲಿ ಹೈವೇಯಲ್ಲಿ ಇದನ್ನು ಮೀರಿಸುವ ಗೇರ್‌ಬಾಕ್ಸ್ ಇಲ್ಲ. ಮೈಲೇಜೂ ಚೆನ್ನಾಗಿದೆ.

ಆದರೆ ಇಲ್ಲಿ ಜಾರುವುದು ಎಣ್ಣೆಯಲ್ಲ, ಕ್ಲಚ್ ಪ್ಲೇಟು. ಬ್ರೇಕ್ ಬಿಟ್ಟರೆ ಸಾಕು, ಕಾರು ತಾನಾಗಿ ಮುಂದೆ ತೆವಳಬೇಕೆಂದು ಗಿರಾಕಿ ಬಯಸುತ್ತಾನೆ. ಆ ತೆವಳಿಕೆಗೆ ಕ್ರೀಪ್ ಎಂದು ಹೆಸರು. ಟಾರ್ಕ್ ಕನ್ವರ್ಟರಿನಲ್ಲಿ ಅದು ಹುಟ್ಟುಗುಣ. ಡಿಸಿಟಿಯಲ್ಲಿ ಕಂಪ್ಯೂಟರು ಹಾಫ್ ಕ್ಲಚ್ ಹಿಡಿದು ಅದನ್ನು ನಟಿಸುತ್ತದೆ. ಹೆಬ್ಬಾಳ ಫ್ಲೈಓವರಿನಿಂದ ಇಳಿಯುವ ಸಂಜೆಯ ಸಾಲಿನಲ್ಲಿ ನಿಮ್ಮ ಕಾರು ಹತ್ತಡಿಗೊಮ್ಮೆ ಮಾಡುತ್ತಿರುವುದು ಇದನ್ನೇ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು 'ಹಾಫ್ ಕ್ಲಚ್ಚಲ್ಲಿ ಓಡಿಸಬೇಡಿ, ಪ್ಲೇಟ್ ಸುಟ್ಟೋಗುತ್ತೆ' ಎಂದು ಬೈದು ಬಿಡಿಸಿದ ಚಟವನ್ನು ಕಾರು ದಿನವಿಡೀ ಮಾಡುತ್ತಿರುತ್ತದೆ.

ಬಿಸಿಯಾದ ಪ್ಲೇಟು ಅದುರುವುದೇಕೆ? ಭಾರದ ಬೀರುವನ್ನು ನೆಲದ ಮೇಲೆ ಎಳೆದು ನೋಡಿ. ಅದು ಸರಾಗವಾಗಿ ಜಾರುವುದಿಲ್ಲ. ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಕ್ಲಚ್ಚಿನಲ್ಲಿ ಆಗುವುದೂ ಇದೇ. ಪ್ಲೇಟಿನ ಮೇಲ್ಮೈ ಸರಿಯಿದ್ದಾಗ ಜಾರುವ ವೇಗ ಹೆಚ್ಚಿದರೂ ಘರ್ಷಣೆ ಕುಗ್ಗುವುದಿಲ್ಲ, ಆದ್ದರಿಂದ ಹಿಡಿತ ನಯವಾಗಿರುತ್ತದೆ. ಅತಿಯಾಗಿ ಕಾದು ಮೇಲ್ಮೈ ಗಾಜಿನಂತೆ ನುಣುಪಾದರೆ, ಅಥವಾ ಒಣಗಿರಬೇಕಾದ ಪ್ಲೇಟಿಗೆ ಎಣ್ಣೆ ತಾಗಿದರೆ, ಜಾರಿದಷ್ಟೂ ಹಿಡಿತ ಸಡಿಲವಾಗುತ್ತದೆ, ನಿಧಾನವಾದೊಡನೆ ಗಪ್ಪನೆ ಕಚ್ಚುತ್ತದೆ. ಈ ಹಿಡಿ-ಬಿಡು ಆಟ ಸೆಕೆಂಡಿಗೆ ಹಲವು ಬಾರಿ ನಡೆದು ಚಕ್ರದವರೆಗಿನ ಶಾಫ್ಟುಗಳನ್ನೆಲ್ಲ ಕುಣಿಸುತ್ತದೆ. ನಮ್ಮ ಕೈಗೆ ಬರುವ ನಡುಕ ಅದರದು.

ಡಿಸಿಟಿಯಲ್ಲೂ ಎರಡು ಬಗೆ ಇದೆ. ವೆಟ್ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ, ಬಿಸಿಯನ್ನು ಎಣ್ಣೆ ಹೊತ್ತೊಯ್ಯುತ್ತದೆ. ಡ್ರೈ ಕ್ಲಚ್ಚಿಗೆ ಗಾಳಿಯೇ ಗತಿ, ಅದೂ ಕಾರು ನಿಂತಾಗ ಆಡುವುದಿಲ್ಲ. ಡ್ರೈ ಬಗೆ ಹಗುರ, ಅಗ್ಗ, ಮೈಲೇಜಿಗೂ ಅನುಕೂಲ. ಅದಕ್ಕೇ ಸಣ್ಣ, ಮಧ್ಯಮ ಕಾರುಗಳಿಗೆ ಕಂಪನಿಗಳು ಅದನ್ನೇ ಆರಿಸಿಕೊಂಡವು. ಟಾಟಾ 2022ರಲ್ಲಿ ಆಲ್ಟ್ರೋಜ್‌ಗೆ ಡಿಸಿಟಿ ತಂದಾಗ ವೆಟ್ ಕ್ಲಚ್ ಎಂಬುದನ್ನೇ ದೊಡ್ಡದಾಗಿ ಹೇಳಿಕೊಂಡದ್ದರ ಹಿಂದೆ ಡ್ರೈ ಕ್ಲಚ್ಚು ತಂದ ತಕರಾರುಗಳ ಇತಿಹಾಸವಿದೆ.

ಇತಿಹಾಸದಲ್ಲಿ ಎಲ್ಲಕ್ಕಿಂತ ಕಹಿ ಅಧ್ಯಾಯ ಫೋರ್ಡ್ ಕಂಪನಿಯ ಪವರ್‌ಶಿಫ್ಟ್‌ನದು. ಆರು ಗೇರಿನ ಡ್ರೈ ಡ್ಯುಯಲ್ ಕ್ಲಚ್. ಅಮೆರಿಕದಲ್ಲಿ 2011ರಿಂದ ಫಿಯೆಸ್ಟಾ, 2012ರಿಂದ ಫೋಕಸ್ ಕಾರುಗಳಲ್ಲಿ ಬಂತು. ಇನ್‌ಪುಟ್ ಶಾಫ್ಟಿನ ಸೀಲುಗಳಿಂದ ಗೇರ್ ಆಯಿಲ್ ಸೋರಿ ಒಣ ಕ್ಲಚ್ಚಿಗೆ ತಾಗುವುದು ನಡುಕದ ಒಂದು ಮುಖ್ಯ ಕಾರಣವಾಗಿತ್ತು. 2014ರಲ್ಲಿ ಕಂಪನಿ ಅಲ್ಲಿ ಕ್ಲಚ್ ಮತ್ತು ಸೀಲುಗಳ ವಾರಂಟಿಯನ್ನು 7 ವರ್ಷ ಅಥವಾ 1,00,000 ಮೈಲಿಗೆ ಏರಿಸಬೇಕಾಯಿತು. ಸಾಮೂಹಿಕ ಮೊಕದ್ದಮೆ 2020ರಲ್ಲಿ ರಾಜಿಯಲ್ಲಿ ಮುಗಿಯಿತು. ಇದೇ ಜಾತಿಯ ಗೇರ್‌ಬಾಕ್ಸ್ ನಮ್ಮಲ್ಲಿ 2013ರ ಇಕೋಸ್ಪೋರ್ಟ್ ಆಟೋಮ್ಯಾಟಿಕ್ಕಿನಲ್ಲೂ ಇತ್ತು. 2017ರ ಹೊಸ ರೂಪದಲ್ಲಿ ಕಂಪನಿ ಅದನ್ನು ಬಿಟ್ಟು ಟಾರ್ಕ್ ಕನ್ವರ್ಟರಿಗೆ ಮರಳಿತು.

ಆಸ್ಟ್ರೇಲಿಯಾದಲ್ಲಿ ಆದದ್ದು ಇನ್ನೂ ಗಮನಿಸಬೇಕಾದದ್ದು. ಅಲ್ಲಿ ಪವರ್‌ಶಿಫ್ಟ್ ಇದ್ದ ಸುಮಾರು 70,000 ಕಾರುಗಳು ಮಾರಾಟವಾಗಿದ್ದವು. ಅವುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಈ ಗೇರ್‌ಬಾಕ್ಸಿನ ಸಲುವಾಗಿ ಒಮ್ಮೆಯಾದರೂ ರಿಪೇರಿಗೆ ಹೋಗಿದ್ದವು. ದೂರು ತಂದ ಎಷ್ಟೋ ಗಿರಾಕಿಗಳಿಗೆ ಸಿಕ್ಕ ಉತ್ತರ, ನಡುಕಕ್ಕೆ ನೀವು ಓಡಿಸುವ ರೀತಿಯೇ ಕಾರಣ ಎಂಬುದು. ಗುಣಮಟ್ಟದ ದೋಷವಿದೆ ಎಂಬುದು ಕಂಪನಿಗೆ ಗೊತ್ತಿದ್ದೂ ಹೀಗೆ ಹೇಳಲಾಗುತ್ತಿತ್ತು. ಅಲ್ಲಿನ ಗ್ರಾಹಕ ಆಯೋಗ ಕೋರ್ಟಿಗೆ ಹೋಯಿತು. ದೂರುಗಳನ್ನು ನಿಭಾಯಿಸಿದ ಈ ರೀತಿಗಾಗಿ 2018ರ ಏಪ್ರಿಲ್‌ನಲ್ಲಿ ಫೆಡರಲ್ ಕೋರ್ಟ್ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ದಂಡ ಬಿದ್ದದ್ದು ಗೇರ್‌ಬಾಕ್ಸ್ ಅದುರಿದ್ದಕ್ಕಲ್ಲ, ಅದುರುತ್ತಿದೆ ಎಂದವರನ್ನು ನಡೆಸಿಕೊಂಡ ರೀತಿಗೆ.

'ನೀವು ಓಡಿಸುವ ರೀತಿ' ಎಂಬ ಮಾತು ಅಲ್ಲಿಗೇ ಸೀಮಿತವಲ್ಲ. ಪುತ್ತೂರು ಕಡೆಯ ನಮ್ಮ ಭಾವ ಬೆಂಗಳೂರಿನಲ್ಲಿ ಹೊಸ ಕಾರು ಕೊಂಡ ಮೊದಲ ವರ್ಷವೇ ಈ ಕಾಯಿಲೆ ಶುರುವಾಯಿತು. ಅವರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪು ಕಡಿದಾದ ತಿರುವಿನದು, ಮೇಲೆ ಗೇಟು ತೆರೆಯುವವರೆಗೆ ಏರಿನಲ್ಲೇ ನಿಲ್ಲಬೇಕು. ಸಂಜೆ ಹೊತ್ತು ಅಲ್ಲಿಂದ ಹೊರಡುವಾಗ ಕಾರು ನಡುಗಿ, ಸುಟ್ಟ ರಬ್ಬರಿನಂಥ ವಾಸನೆ ಎಸಿ ಒಳಗೂ ಬರುತ್ತಿತ್ತು. ಬೆಳಗ್ಗೆ ತಣ್ಣಗಿದ್ದಾಗ ಏನೂ ಇಲ್ಲ. ಸರ್ವಿಸ್ ಸೆಂಟರಿನವರು ನೋಡುತ್ತಿದ್ದದ್ದು ಬೆಳಗ್ಗೆಯೇ. ಒಮ್ಮೆ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿದರು, ಕೆಲವು ವಾರ ನೆಟ್ಟಗಿತ್ತು, ಮತ್ತೆ ಬಂತು. ಮುಂದಿನ ಸಲ ನಾನೂ ಜೊತೆಗಿದ್ದೆ.

"ಸ್ಕ್ಯಾನಲ್ಲಿ ಕೋಡ್ ಏನೂ ಬಂದಿಲ್ಲ ಸರ್. ಎಲ್ಲಾ ಗಾಡೀಲೂ ಇಷ್ಟು ಇದ್ದೇ ಇರುತ್ತೆ. ನೀವು ಸ್ವಲ್ಪ ಡ್ರೈವಿಂಗ್ ಸ್ಟೈಲ್ ಚೇಂಜ್ ಮಾಡ್ಕೋಬೇಕು," ಎಂದ ಸರ್ವಿಸ್ ಅಡ್ವೈಸರ್.

"ಕ್ಲಚ್ಚೇ ನನ್ನ ಕಾಲಡಿ ಇಲ್ಲ ಮಾರಾಯ್ರೆ. ನಾನು ಚೇಂಜ್ ಮಾಡುವುದಾದ್ರೂ ಎಂಥದನ್ನು?"

ಹುಡುಗ ನಕ್ಕ, ಉತ್ತರ ಇರಲಿಲ್ಲ. ಭಾವನ ಪ್ರಶ್ನೆಯಲ್ಲೇ ಇಡೀ ವಿಷಯದ ತಿರುಳಿದೆ ಎನಿಸುತ್ತದೆ ನನಗೆ. ಪೆಡಲನ್ನು ಕಿತ್ತುಕೊಂಡು ಕ್ಲಚ್ಚಿನ ಯಜಮಾನಿಕೆಯನ್ನು ಕಂಪ್ಯೂಟರಿಗೆ ಕೊಟ್ಟಿದ್ದು ಕಂಪನಿ. ಪ್ಲೇಟು ಸುಟ್ಟಾಗ ಮಾತ್ರ ಅದು ಚಾಲಕನದಾಗುವುದು ಎಲ್ಲಿಯ ನ್ಯಾಯ? ವಾರಂಟಿ ಪುಸ್ತಕದಲ್ಲಿ ಕ್ಲಚ್ ಪ್ಲೇಟನ್ನು 'ಸವೆಯುವ ಭಾಗ' ಎಂದು ಹೊರಗಿಡುವ ಪದ್ಧತಿಯೂ ಎಡಗಾಲಿನ ಕಾಲದ್ದು.

ಹಾಗೆಂದು ಚಾಲಕನ ಕೈಯಲ್ಲಿ ಏನೂ ಇಲ್ಲ ಅಂತಲ್ಲ. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಲ್ಲೇ ಕಾರನ್ನು ನಿಲ್ಲಿಸಿಕೊಳ್ಳುವುದು ಡಿಸಿಟಿಗೆ ಎಲ್ಲಕ್ಕಿಂತ ಕೆಟ್ಟದ್ದು. ಕಾರು ಅಲ್ಲಾಡುವುದಿಲ್ಲ, ಪ್ಲೇಟು ಮಾತ್ರ ಉಜ್ಜುತ್ತಲೇ ಇರುತ್ತದೆ. ಬ್ರೇಕಿನ ಮೇಲೆ ಅರ್ಧ ಕಾಲಿಟ್ಟು ತೆವಳುವುದೂ ಹಾಗೆಯೇ. ಬ್ರೇಕ್ ಪೂರ್ತಿ ಒತ್ತಿದರೆ ಕಂಪ್ಯೂಟರು ಕ್ಲಚ್ಚನ್ನು ಬಿಡಿಸಿಡುತ್ತದೆ, ಅರ್ಧ ಒತ್ತಿದರೆ ಜಾರಿಸುತ್ತಲೇ ಇರಬಹುದು. ಮುಂದಿನ ಕಾರು ಎರಡು ಕಾರಿನಷ್ಟು ಜಾಗ ಬಿಡುವವರೆಗೆ ಪೂರ್ತಿ ನಿಂತು, ಆಮೇಲೆ ಒಂದೇ ಸಲ ಕ್ಲಚ್ ಪೂರ್ತಿ ಕೂಡುವಷ್ಟು ವೇಗದಲ್ಲಿ ಹೋಗುವುದು ಒಳ್ಳೆಯದು. ಸಿಲ್ಕ್ ಬೋರ್ಡಿನಲ್ಲಿ ಹಾಗೆ ಜಾಗ ಬಿಟ್ಟರೆ ಆಟೋ ಒಂದು, ಬೈಕು ಮೂರು ನುಗ್ಗುತ್ತವೆ ಎಂಬುದು ಬೇರೆ ಮಾತು. ಶಿರಾಡಿ ಘಾಟಿಯಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡಾಗ ಮ್ಯಾನ್ಯುಯಲ್ ಮೋಡಿಗೆ ಹಾಕಿ ಒಂದನೇ ಗೇರಿನಲ್ಲೇ ಇರಿಸಿಕೊಂಡರೆ ಕಂಪ್ಯೂಟರು ಎರಡಕ್ಕೂ ಒಂದಕ್ಕೂ ತಡಕಾಡುವುದು ತಪ್ಪುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಎಚ್ಚರಿಕೆ ಬಂದರೆ ಬದಿಗೆ ನಿಲ್ಲಿಸಿ, 'ಪಿ'ಗೆ ಹಾಕಿ, ಕಾಯಬೇಕು.

ಸಾಫ್ಟ್‌ವೇರ್ ಅಪ್‌ಡೇಟ್ ಎಂದರೆ ಕಣ್ಣೊರೆಸುವ ಆಟವೆಂದು ಬೈಯುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಕ್ಲಚ್ ಎಲ್ಲಿ ಕಚ್ಚತೊಡಗುತ್ತದೆ ಎಂಬ ಬಿಂದುವನ್ನು ಕಂಪ್ಯೂಟರು ಕಲಿಯುತ್ತಾ ಹೋಗುತ್ತದೆ. ಪ್ಲೇಟು ಸವೆದಂತೆ ಬಿಂದು ಸರಿಯುತ್ತದೆ. ಆ ಲೆಕ್ಕ ತಪ್ಪಿದ್ದರೆ ಮತ್ತೆ ಕಲಿಸಿದಾಗ ನಡುಕ ನಿಜಕ್ಕೂ ಹೋಗುತ್ತದೆ. ಪ್ಲೇಟೇ ಸುಟ್ಟು ನುಣುಪಾಗಿದ್ದರೆ ಮಾತ್ರ ಯಾವ ಅಪ್‌ಡೇಟೂ ಅದನ್ನು ಒರಟು ಮಾಡಲಾರದು. ಅಪ್‌ಡೇಟಿನ ನಂತರ ಹೋಗಿ ಮತ್ತೆ ಮರುಕಳಿಸಿದ ಜಡರನ್ನು ಪ್ಲೇಟಿನದ್ದೆಂದು ಅನುಮಾನಿಸುವುದು ಸರಿ. ಹಾಗೆಯೇ ಐವತ್ತು, ಅರವತ್ತರ ವೇಗದಲ್ಲಿ ಒಂದೇ ಸಮ ಹೋಗುವಾಗ ರಂಬಲ್ ಸ್ಟ್ರಿಪ್ ಮೇಲೆ ಓಡಿದಂತೆ ಸಣ್ಣಗೆ ಅದುರಿದರೆ, ಅದು ಟಾರ್ಕ್ ಕನ್ವರ್ಟರಿನಲ್ಲಿ ವೇಗ ಏರಿದ ಮೇಲೆ ಎರಡೂ ಚಕ್ರಗಳನ್ನು ಕೂಡಿಸಿಡುವ ಲಾಕ್-ಅಪ್ ಕ್ಲಚ್ಚಿನದಿರಬಹುದು. ಜನರಲ್ ಮೋಟರ್ಸಿನ ಎಂಟು ಗೇರಿನ ಆಟೋಮ್ಯಾಟಿಕ್ಕುಗಳಲ್ಲಿ ಬಂದ ಇಂಥ ನಡುಕಕ್ಕೆ ಗೇರ್ ಎಣ್ಣೆಯನ್ನೇ ಬೇರೆ ಬಗೆಯದಕ್ಕೆ ಬದಲಾಯಿಸಬೇಕಾಯಿತು.

ದೂರು ಕೊಡುವವರಿಗೆ ಇಷ್ಟು. ಗಾಡಿ ಬಿಸಿಯಿದ್ದಾಗಲೇ, ಟ್ರಾಫಿಕ್ಕಿನಿಂದ ನೇರವಾಗಿ ಒಯ್ಯಿರಿ, ಟೆಕ್ನಿಷಿಯನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಏರಿನಲ್ಲಿ ನಿಲ್ಲಿಸಿ ಹೊರಡಿಸಿ. ಜಾಬ್ ಕಾರ್ಡಿನಲ್ಲಿ 'ಜನರಲ್ ಚೆಕಪ್' ಎಂದು ಬರೆಯಲು ಬಿಡಬೇಡಿ. 'ಬಿಸಿಯಾದಾಗ, ನಿಂತಲ್ಲಿಂದ ಹೊರಡುವಾಗ, ಒಂದನೇ ಗೇರಿನಲ್ಲಿ ಜಡರ್' ಎಂದೇ ಬರೆಸಿ, ಪ್ರತಿ ಭೇಟಿಯದ್ದನ್ನೂ ಇಟ್ಟುಕೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರಿಗೆ ಎರಡು ವರ್ಷದ ಗಡುವಿದೆ, ಆಗ ಈ ಕಾಗದಗಳೇ ಸಾಕ್ಷಿ. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ಸಾಕು. ಸುಮ್ಮನೆ ಕಣ್ಣಿಗೆ ಕಾಣದ ದೋಷವಾದರೆ ಆಯೋಗ ತಜ್ಞರ ಪರೀಕ್ಷೆಗೆ ಕಳಿಸಬಹುದು. ಮೊದಲು ವಿಚಾರಿಸಿಕೊಳ್ಳಲು 1915 ಸಂಖ್ಯೆಯ ಗ್ರಾಹಕ ಸಹಾಯವಾಣಿ ಇದೆ.

ಸೆಕೆಂಡ್ ಹ್ಯಾಂಡ್ ಡಿಸಿಟಿ ಕೊಳ್ಳುವವರು ಬೆಳಗ್ಗೆ ಟೆಸ್ಟ್ ಡ್ರೈವಿಗೆ ಒಪ್ಪಬೇಡಿ. ಸಂಜೆ ಹೋಗಿ, ಅರ್ಧ ಗಂಟೆಯಾದರೂ ಟ್ರಾಫಿಕ್ಕಿನಲ್ಲಿ ತೆವಳಿಸಿ, ಆಮೇಲೆ ಯಾವುದಾದರೂ ಮಾಲ್‌ನ ಪಾರ್ಕಿಂಗ್ ರ‍್ಯಾಂಪಿನ ನಡುವೆ ನಿಲ್ಲಿಸಿ ಹೊರಡಿಸಿ. ರಿವರ್ಸಿನಲ್ಲೂ ಹಾಗೇ ಮಾಡಿ ನೋಡಿ, ಮುಂದಕ್ಕೆ ಹೋಗುವಾಗ ಅಡಗಿಕೊಂಡ ನಡುಕ ಎಷ್ಟೋ ಸಲ ಹಿಂದಕ್ಕೆ ಬರುವಾಗ ಸಿಕ್ಕಿಬೀಳುತ್ತದೆ.